ದೋಸೆಯ ಸುತ್ತ ಕೆಂಪು ಗೆರೆ

ಎದುರು ಕೂತಿದ್ದ ಅಜ್ಜಿ ಕೈಚೀಲದಿಂದ ಸಣ್ಣ ಬಾಟಲಿ ತೆಗೆದು, ಗಂಡನ ನೀರುದೋಸೆಯ ಅಂಚಿನುದ್ದಕ್ಕೂ ಮಾವಿನಮಿಡಿ ಉಪ್ಪಿನಕಾಯಿಯ ಕೆಂಪು ರಸ ಹನಿಸತೊಡಗಿದರು. ದೋಸೆಯ ನಡುವೆ ಇದ್ದದ್ದು ಬೆಲ್ಲ ಬೆರೆಸಿದ ಕಾಯಿತುರಿ! ಬೈಂದೂರಿನ ಆ ಹೋಟೆಲಿನಲ್ಲಿ ಬೇರೆ ಜಾಗವಿಲ್ಲದೆ ಅವರ ಮೇಜಿನಲ್ಲೇ ಕೂತಿದ್ದ ನಾನು, ತಿನ್ನುವುದನ್ನು ಮರೆತು ನೋಡಿದೆ.

“ಎಂತ ಕಾಂತೆ ಹೆಣ್ಣೇ, ಹಾಂಗೆ ಕಣ್ ಬಿಟ್ಕಂಡ್? ಬಿಳಿ ಪ್ಲೇಟಂಗೆ ಬಿಳಿ ದ್ವಾಸಿ ಇವ್ರ ಕಣ್ಣಿಗೆ ಕಾಣ್ತಿಲ್ಲ. ನಾನ್ ತಿನ್ಸುಕ್ ಹೋರೆ ಎದ್ದೇ ಹೋತ್ರ್” ಎಂದರು ಅಜ್ಜಿ.

ಅಜ್ಜ ತಡಕಾಡಲಿಲ್ಲ. ಕೆಂಪು ಗೆರೆಯ ಬಳಿ ನೇರವಾಗಿ ಬೆರಳಿಟ್ಟು ದೋಸೆ ಹರಿದರು. ಕಾಯಿಬೆಲ್ಲದ ಜೊತೆ ಬಾಯಿಗಿಟ್ಟುಕೊಂಡು ನಕ್ಕರು.

“ಬೆಲ್ಲಕ್ಕೂ ಉಪ್ಪಿನ್‌ಕಾಯಿಗೂ ಮದ್ವಿ ಮಾಡ್ಸಿದ್ ಇವ್ಳೇ ಕಾಣಿ. ಈಗ ಇದಿಲ್ದಿರೆ ನಂಗೆ ಸೇರುದಿಲ್ಲ.”

ಅವರಿಗೆ ದೋಸೆ ಬರುವ ಮೊದಲು, ಚಂದ ಕಂಡಿತೆಂದು ನನ್ನ ಬಿಳಿ ತಟ್ಟೆಯ ನೀರುದೋಸೆಯ ಫೋಟೊ ತೆಗೆದಿದ್ದೆ. ಮರಳುವಾಗ ಬಸ್ಸಿನಲ್ಲಿ ಕಣ್ಣು ಕಿರಿದುಮಾಡಿ ಅದನ್ನೊಮ್ಮೆ ನೋಡಿದೆ. ತಟ್ಟೆ ಎಲ್ಲಿ ಮುಗಿಯುತ್ತದೆ, ದೋಸೆ ಎಲ್ಲಿ ಶುರುವಾಗುತ್ತದೆ ಎಂದು ನನಗೂ ತಿಳಿಯಲಿಲ್ಲ.