ಸಾಕ್ಷಿಯ ಕೈ ಮೊದಲು

ಮೊಮ್ಮಗಳ ರಿಲಿಜನ್ ಹೋಮ್‌ವರ್ಕ್ ಮೊನ್ನೆ ನನ್ನ ಇಸ್ತ್ರಿ ಬಟ್ಟೆಗಳ ಮೇಲೆ ಬಂದು ಬಿತ್ತು. ಪ್ರಾಚೀನ ಇಸ್ರೇಲಿನ ಧರ್ಮಶಾಸ್ತ್ರದಲ್ಲಿ ಮರಣದಂಡನೆಯ ಸಾಮಾಜಿಕ ಉದ್ದೇಶವೇನು? ‘ಅಜ್ಜಿ, ಯೂ ವುಡ್ ನೋ ದಿಸ್ ಸ್ಟಫ್’ ಎಂದಳು. ಗೊತ್ತಿಲ್ಲದೆ ಏನು? ಮಡಿಹುಡಿಯ ಮನೆಯಿಂದ ಮೈಸೂರಿನ ಕಾನ್ವೆಂಟಿಗೆ ಹೋಗಿ ಸ್ಕ್ರಿಪ್ಚರ್ ಪ್ರೈಜ್ ಹೊಡೆದವಳು ನಾನು. ಜನರೆಲ್ಲ ಕೇಳಿ ಹೆದರಬೇಕು, ಕೆಡುಕು ತಮ್ಮ ನಡುವಿನಿಂದ ತೊಲಗಬೇಕು. ಆದರೆ ಒಬ್ಬರ ಸಾಕ್ಷಿ ಸಾಲದು. ಮೊದಲ ಕಲ್ಲು ಎಸೆಯಬೇಕಾದವರೂ ಸಾಕ್ಷಿಗಳೇ.

ಈ ಕೊನೆಯದನ್ನು ಸಿಸ್ಟರ್ ಅಗಾಥಾ ನಮ್ಮ ಕ್ಲಾಸಿಗೂ ಜಾರಿ ಮಾಡಿದ್ದರು. ದೂರು ಹೇಳಿದವಳೇ ರೂಲರ್ ಹಿಡಿದು ಹೊಡೆಯಬೇಕು. ಹುಣಸೆಹಣ್ಣು ಚೀಪುತ್ತಿದ್ದ ನಳಿನಿಯ ಮೇಲೆ ಲೀಲಾ ದೂರಿದಳು. ರೂಲರ್ ಕೈಗೆ ಬಂದೊಡನೆ ಲೀಲಾಳಿಗೇ ಅಳು. ‘ಹೊಡಿಯೇ ಬೇಗ, ಚಾಚಿ ಚಾಚಿ ಕೈ ನೋಯ್ತಿದೆ’ ಎಂದಳು ನಳಿನಿ. ಆಮೇಲೆ ನಮ್ಮ ಕ್ಲಾಸಿನಲ್ಲಿ ಪಾಪವೇ ನಡೆಯಲಿಲ್ಲ ನೋಡಿ, ಹೇಳುವವರು ಇಲ್ಲದ ಮೇಲೆ.

ಇಸ್ತ್ರಿ ಹಿಡಿದ ಕೈ ಅಲ್ಲೇ ನಿಂತಿತು. ಅದೇ ಬೆಳಿಗ್ಗೆ ಪಕ್ಕದ ಮನೆಯ ಮೌರೀನ್ ಕಾರು ರಿವರ್ಸ್ ಮಾಡುತ್ತಾ ನಮ್ಮ ಅಳಿಯನ ಕಾರಿನ ಕನ್ನಡಿ ಮುರಿದದ್ದನ್ನು ನಾನೊಬ್ಬಳೇ ಕಿಟಕಿಯಿಂದ ಕಂಡಿದ್ದೆ. ಆಕೆಗೆ ಅದು ಗೊತ್ತೇ ಆಗಲಿಲ್ಲ, ಸಲೀಸಾಗಿ ಹೊರಟುಹೋದರು. ನನ್ನ ವಯಸ್ಸಿನ ವಿಧವೆ. ನಾನು ಐರ್ಲೆಂಡಿನ ಈ ಸ್ವೋರ್ಡ್ಸ್ ಊರಿಗೆ ಬಂದಾಗಿನಿಂದ ಗುರುವಾರ ನನ್ನನ್ನು ಲೈಬ್ರರಿಗೆ ಕರೆದೊಯ್ಯುವುದು ಆ ಕಾರೇ.

ಸಂಜೆ ಅಳಿಯ ಗುಡುಗಿದ: ‘ಅತ್ತೆ, ರೆಸಿಡೆಂಟ್ಸ್ ಗ್ರೂಪಲ್ಲಿ ಹಾಕ್ತೀನಿ. ಒಬ್ರಿಗೆ ಶಾಸ್ತಿ ಆದ್ರೆ ಎಲ್ರಿಗೂ ಬುದ್ಧಿ ಬರತ್ತೆ. ನೀವೇನಾದ್ರೂ ನೋಡಿದ್ರಾ?’

ಪುಣ್ಯಾತ್ಮ ಬೈಬಲ್ ಮುಟ್ಟಿದವನಲ್ಲ. ದಂಡನೆಯ ಸಾಮಾಜಿಕ ಉದ್ದೇಶ ಮಾತ್ರ ಕರತಲಾಮಲಕ. ‘ನಾಳೆ ಹೇಳ್ತೀನಪ್ಪ’ ಎಂದೆ. ಸಾಕ್ಷಿ ಒಂದೇ, ಶಾಸ್ತ್ರಕ್ಕೆ ಸಾಲದು ಎಂದು ಸಮಾಧಾನ ಮಾಡಿಕೊಂಡೆ. ಲೈಬ್ರರಿಯ ಆಸೆಗೂ ಶಾಸ್ತ್ರದ ಆಧಾರ ಸಿಕ್ಕಿತಲ್ಲ.

ಮರುದಿನ ಕಿಟಕಿಯಲ್ಲಿ ನೋಡಿದರೆ, ಮೌರೀನ್ ಕಾರಿನ ಹಿಂದೆಯೇ ಮಕ್ಕಳು ಚೆಂಡಾಡುತ್ತಿದ್ದವು. ಚಪ್ಪಲಿ ಮೆಟ್ಟಿ ಹೋಗಿ ಬೆಲ್ ಒತ್ತಿದೆ.

ಕಂಡದ್ದನ್ನು ಹೇಳಿದೆ. ‘ಐ ನೆವರ್ ಫೆಲ್ಟ್ ಇಟ್’ ಎಂದ ಮೌರೀನ್ ಚೆಂಡಾಡುವ ಮಕ್ಕಳ ಕಡೆ ನೋಡಿದರು. ಆಮೇಲೆ, ‘ಅಲ್ಲಿ ಮಗು ಇದ್ದಿದ್ದರೆ?’ ಎಂದು ಅವರೇ ಕೇಳಿದರು. ಅದನ್ನೇ ಕೇಳಬೇಕೆಂದು ಬಂದವಳು ನಾನು. ಅವರು ಕಾರಿನ ಕೀಯನ್ನು ನನ್ನ ಅಂಗೈಯಲ್ಲಿಟ್ಟು, ನಮ್ಮ ಬಾಗಿಲಿಗೆ ಬಂದು, ಅಳಿಯನ ಕ್ಷಮೆ ಕೇಳಿದರು. ಅಳಿಯ ಇಲ್ಲಿಯವರ ಹಾಗೆ ‘ಇಟ್ಸ್ ಗ್ರ್ಯಾಂಡ್, ಇಟ್ಸ್ ಗ್ರ್ಯಾಂಡ್’, ಪರವಾಗಿಲ್ಲ ಎಂದು ಬೆವರಿದ. ಗ್ರೂಪಿನಲ್ಲಿ ಏನೂ ಬರಲಿಲ್ಲ.

ಇವತ್ತು ಗುರುವಾರ. ಕಾರಿನ ಕೀ ಇನ್ನೂ ನನ್ನ ಹತ್ತಿರವೇ, ಲೈಬ್ರರಿಗೆ ಬಸ್ಸೇ ಗತಿ. ಬಸ್ ಸ್ಟಾಪಿನಲ್ಲಿ ಮೌರೀನ್ ನನ್ನೊಡನೆ ಮಾತಾಡಲಿಲ್ಲ. ನನಗಿಂತ ಮೊದಲು ಹತ್ತಿ, ಕಿಟಕಿಯ ಕಡೆ ಮುಖ ಮಾಡಿ ಕುಳಿತರು. ನಾನು ಕಂಬಿ ಹಿಡಿದು ನಿಂತೇ ಇದ್ದೆ. ಬಸ್ಸು ಹೊರಟ ಮೇಲೆ, ಹೊರಗೆ ನೋಡುತ್ತಲೇ, ಪಕ್ಕದ ಸೀಟಿನ ಮೇಲಿದ್ದ ಬ್ಯಾಗನ್ನು ಎತ್ತಿ ಮಡಿಲಲ್ಲಿಟ್ಟುಕೊಂಡರು.