ಉಡಚಪ್ಪನ ಆಹೇರಿ

ಉಡಚಪ್ಪನಷ್ಟು ಮೆತ್ತಗಿನ ಇನ್ನೊಬ್ಬ ಮನುಷ್ಯನನ್ನು ನಾನು ಹುಬ್ಬಳ್ಳಿಯಲ್ಲಿ ಕಾಣಲಿಲ್ಲ. ಅವನದು ನಳ ಬಿಡುವ ನೌಕರಿ. ಮುಂಜಾನೆ ಆರಕ್ಕೆ, ಸಂಜೆ ಆರಕ್ಕೆ, ಉದ್ದನೆಯ ಕಬ್ಬಿಣದ ಚಾವಿಯನ್ನು ಹೆಗಲ ಮೇಲೆ ಹೊತ್ತು ನಮ್ಮ ಓಣಿಗೆ ಬಂದು ನೀರು ಬಿಡುತ್ತಿದ್ದ. ಬಂದ್ ಮಾಡುವ ಮೊದಲು ಓಣಿಯ ತುದಿಯ ತನಕ ನಡೆದು ಹೋಗಿ, "ಯಾರರೆ ಉಳದೀರೇನ್ರೆವ್ವಾ?" ಎಂದು ಕೇಳುತ್ತಿದ್ದ. ಯಾವಳಾದರೂ ಇನ್ನೊಂದು ಕೊಡ ತರಲು ಒಳಗೆ ಓಡಿದರೆ, ಅವಳು ಬರುವ ತನಕ ಚಾವಿ ಹಿಡಿದು ಸುಮ್ಮನೆ ನಿಲ್ಲುತ್ತಿದ್ದ.

ಇಂಥವನನ್ನು ಹನ್ನೊಂದು ವರ್ಷ ರಾಕ್ಷಸನನ್ನಾಗಿ ಮಾಡಿದವನು ನಾನು. ಸಾಲಿ ಮಾಸ್ತರಿಕೆಯ ಜೊತೆಗೆ ಓಣಿಯ ನಾಟಕ ಸಂಘಕ್ಕೆ ನಾಟಕ ಬರೆದುಕೊಡುವವನೂ ನಾನೇ, ಪರದೆಯ ಹಿಂದೆ ಕೂತು ಮರೆತ ಮಾತನ್ನು ಎತ್ತಿಕೊಡುವವನೂ ನಾನೇ. ಉಡಚಪ್ಪನ ಎತ್ತರ ಆರಡಿ, ಹುಬ್ಬು ದಪ್ಪ, ದನಿ ಬಾವಿಯೊಳಗಿಂದ ಬಂದಂತೆ. ದೇವರು ಕೊಟ್ಟ ಈ ಮೂರರ ಜೊತೆಗೆ ನಾನೊಂದು ಮೀಸೆ ಅಂಟಿಸಿದೆ, ಅಷ್ಟೆ.

ಆಗಿನ ಖಳನಾಯಕನನ್ನು ಮಾಡುವುದೇನು ದೊಡ್ಡ ವಿದ್ಯೆಯಲ್ಲ. ಕಣ್ಣಿಗೆ ಬೊಟ್ಟು ಗಾತ್ರದ ಕಾಡಿಗೆ ಬಳಿಯಬೇಕು. ಬಂದೊಡನೆ ಅವನನ್ನು ಮೂರು ಸಲ ನಗಿಸಬೇಕು. ಯಾಕೆ ನಗುತ್ತಾನೆಂದು ಯಾರೂ ಕೇಳುವುದಿಲ್ಲ. ಅವನಿಗೆ ತಾಯಿ ಇಲ್ಲ, ಹೆಂಡತಿ ಇಲ್ಲ, ನೆಗಡಿ ಸಹ ಬರುವುದಿಲ್ಲ. ನಾಯಕನಿಗೋ ಇವೆಲ್ಲ ಉಂಟು, ಮೇಲೆ ನಾಲ್ಕು ಹಾಡು ಬೇರೆ. ನಮ್ಮ ನಾಯಕ ಗುರುಶಿದ್ದಪ್ಪ ಕಿರಾಣಿ ಅಂಗಡಿಯವನು. ಅಂಗಡಿಯಲ್ಲಿ ತಕ್ಕಡಿ ಹಿಡಿದಾಗ ಅವನ ಹೆಬ್ಬೆರಳು ಎಲ್ಲಿರುತ್ತದೆಂದು ಇಡೀ ಓಣಿಗೆ ಗೊತ್ತಿತ್ತು. ಆದರೆ ರಂಗದ ಮೇಲೆ ಅವನು ಧರ್ಮದ ಅವತಾರ. ನನಗೆ ಈಗಲೂ ಸಿಟ್ಟು ಬರುತ್ತದೆ.

ಸಿಟ್ಟಿಗೆ ಮುಖ್ಯ ಕಾರಣ ಆಹೇರಿ. ನಮ್ಮ ಕಡೆ ನಾಟಕ ನಡೆಯುತ್ತಿರುವಾಗಲೇ ನೋಡುವವರು ರಂಗ ಹತ್ತಿ, ಮೆಚ್ಚಿದ ಪಾತ್ರಧಾರಿಗೆ ಟವೆಲ್ಲೋ ಧೋತರವೋ ಹೊದಿಸುತ್ತಾರೆ. ಅದೇ ಆಹೇರಿ. ಅಳುವವರು ಅಳು ನಿಲ್ಲಿಸಬೇಕು, ಕತ್ತಿ ಎತ್ತಿದವರು ಕತ್ತಿ ಇಳಿಸಬೇಕು. ನಾನು ಪರದೆಯಿಂದ ಹೊರಬಂದು ಕೊಟ್ಟವರ ಹೆಸರು ಕೂಗಬೇಕು. ಆಮೇಲೆ ಅಳು ಮುಂದುವರಿಯುತ್ತದೆ. ಹನ್ನೊಂದು ವರ್ಷದಲ್ಲಿ ಗುರುಶಿದ್ದಪ್ಪನಿಗೆ ಬಂದ ಟವೆಲ್ಲಿನಲ್ಲಿ ಇನ್ನೊಂದು ಅಂಗಡಿ ತೆಗೆಯಬಹುದಿತ್ತು. ಉಡಚಪ್ಪನಿಗೆ ಒಂದು ಕರವಸ್ತ್ರವೂ ಬರಲಿಲ್ಲ. ಅವನಿಗೆ ಬಂದದ್ದು ಬರೀ ಶಾಪ. ನಾಟಕದ ಮರುದಿನ ನಳದ ಹತ್ತಿರ ಹೆಂಗಸರು ಮುಖ ತಿರುಗಿಸಿ ನೀರು ಹಿಡಿಯುತ್ತಿದ್ದರು. ಅದರಲ್ಲೂ ಸತ್ಯವ್ವ ಎಂಬ ಮುದುಕಿ, "ಹಾಳಾದಾಂವ" ಎಂದು ಅವನಿಗೆ ಕೇಳುವಂತೆಯೇ ಬೈದು ಕೊಡ ಎತ್ತುತ್ತಿದ್ದಳು.

ಅರವತ್ನಾಲ್ಕನೆಯ ಇಸವಿಯಲ್ಲಿ ನಾನು ಬರೆದ ನಾಟಕ 'ಗಗನಗರುಡ'. ಅದರ ನಾಯಕ ಆಕಾಶದಲ್ಲಿ ಹಾರುತ್ತಾನೆ. ಸೊಂಟಕ್ಕೆ ಹಗ್ಗ, ಹಗ್ಗಕ್ಕೆ ರಾಟಿ, ರಾಟಿಯ ಹಿಂದೆ ಹಮಾಲ ದ್ಯಾಮಣ್ಣ. ಖಳನಾಯಕ ದುರ್ಜಯ ಊರ ಬಾವಿಗೆ ಬೀಗ ಹಾಕಿ ಜನರನ್ನು ನೀರಿಲ್ಲದೆ ಕೊಲ್ಲುತ್ತಾನೆ. ನೀರು ಬಿಡುವವನಿಗೆ ಇಂಥ ಪಾತ್ರ ಕೊಟ್ಟಿದ್ದೇನೆಂದು ನನಗೆ ಹೊಳೆಯಲೇ ಇಲ್ಲ. ಉಡಚಪ್ಪ ಮಾತ್ರ, "ಮಾಸ್ತರ, ಒಂದ ಕೊಡಾ ನೀರರೆ ಕೊಡಲಿ ಬಿಡ್ರಿ ಅಂವಾ" ಎಂದು ಮೆಲ್ಲಗೆ ಬೇಡಿಕೊಂಡ. ನಾನು ಒಪ್ಪಲಿಲ್ಲ.

ಮನೆಯಲ್ಲಿ ಅವನು ಮಾತು ಬಾಯಿಪಾಠ ಮಾಡುವಾಗ ಹೆಂಡತಿ ಸಾವಕ್ಕ ರೊಟ್ಟಿ ಬಡಿಯುತ್ತ ಕೇಳಿಸಿಕೊಳ್ಳುತ್ತಿದ್ದಳು. ಗಂಡನನ್ನು ಜನ ಶಪಿಸುವುದನ್ನು ಕೇಳಲಾರದೆ ಅವಳು ಒಂದು ನಾಟಕವನ್ನೂ ನೋಡಿರಲಿಲ್ಲ. ಒಂದು ದಿನ ನನ್ನನ್ನೇ ಹಿಡಿದಳು.

"ಮಾಸ್ತರ, ಈ ದುರ್ಜಯಗ ಮನ್ಯಾಗ ಯಾರೂ ಇಲ್ಲೇನ್ರಿ?"

"ಖಳನಾಯಕಗ ಯಾರ ಇರತಾರವಾ?"

"ಮತ್ತ ಅಂವಗ ರೊಟ್ಟಿ ಯಾರ ಮಾಡಿ ಹಾಕತಾರ?"

ನಲವತ್ತು ನಾಟಕ ಓದಿದ ನಾನು, "ಅದು ನಾಟಕದಾಗ ಬರೂದಿಲ್ಲವಾ" ಎಂದು ಜಾರಿಕೊಂಡೆ.

ಆ ಸಲ ಉಡಚಪ್ಪ ಒಂದು ಉಪಾಯ ಮಾಡಿದ. ತಾನೇ ಒಂದು ಕೆಂಪಂಚಿನ ಟವೆಲ್ ಕೊಂಡು, ಬಾಲ್ಯದ ಗೆಳೆಯ ದಸ್ತಗೀರಸಾಬನ ಕೈಗೆ ಕೊಟ್ಟ. ದಸ್ತಗೀರಸಾಬ ದರ್ಜಿ, ಪ್ರಾಣ ಕೊಡುವ ಗೆಳೆಯ. "ನಾ ಮೊದಲನೇ ಸಲ ನಕ್ಕ ಕೂಡಲೇ ಮ್ಯಾಲೆ ಬಂದು ಹೊಚ್ಚಿಬಿಡು" ಎಂದು ಹೇಳಿಕೊಟ್ಟ. ಹೆಂಡತಿಗೂ, "ಈ ಸಲ ನನಗೂ ಆಹೇರಿ ಬರತದ, ನೋಡಾಕ ಬಾ" ಎಂದ. ಹನ್ನೊಂದು ವರ್ಷದಲ್ಲಿ ಅವನು ಆಸೆಪಟ್ಟಿದ್ದು ಅದೊಂದನ್ನೇ.

ರವಿವಾರ ಮಧ್ಯಾಹ್ನ ಮೂರಕ್ಕೆ ನಾಟಕ. ಉಡಚಪ್ಪ ಮುಂಜಾನೆ ನೀರು ಬಿಟ್ಟು ನೇರ ಬಣ್ಣಕ್ಕೆ ಕೂತ. ಮೀಸೆ ಅಂಟಿಸಿದ ಮೇಲೆ ರೊಟ್ಟಿ ಅಗಿದರೆ ಅದು ಕಿತ್ತು ಬರುತ್ತದೆಂದು ಒಂದು ತುತ್ತೂ ಉಣ್ಣಲಿಲ್ಲ. ಸಾವಕ್ಕ ರೊಟ್ಟಿಯ ಗಂಟು ಮಡಿಲಲ್ಲಿಟ್ಟುಕೊಂಡು ಹೆಂಗಸರ ಸಾಲಿನಲ್ಲಿ, ಸತ್ಯವ್ವನ ಪಕ್ಕದಲ್ಲಿಯೇ ಕೂತಳು.

ದುರ್ಜಯ ಬಂದ. ಮೂರು ಸಲ ನಕ್ಕ. ದಸ್ತಗೀರಸಾಬ ಏಳಲಿಲ್ಲ. ಆರು ಸಲ ನಕ್ಕ, ಒಂಬತ್ತು ಸಲ ನಕ್ಕ. ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರ ಗಾಬರಿಯಾಗಿ ನನ್ನ ಕಡೆ ನೋಡಿದ. ದಸ್ತಗೀರಸಾಬ ಮುಂದಿನ ಸಾಲಿನಲ್ಲಿ ಟವೆಲ್ ಹಿಂಡುತ್ತ, ಹಲ್ಲು ಕಚ್ಚಿ ಕೂತಿದ್ದ. ಬಾವಿಗೆ ಬೀಗ ಬಿತ್ತು. ನಾಟಕದ ಮುದುಕಿಯ ಕೊಡ ಒಡೆಯಿತು. ಮಗು ನೀರು ನೀರು ಎನ್ನುತ್ತ ಸತ್ತಿತು. ಹೆಂಗಸರ ಸಾಲಿನಿಂದ ಶಾಪ ಆಲಿಕಲ್ಲಿನಂತೆ ಸುರಿಯಿತು.

ಕೊನೆಗೆ ಗುರುಶಿದ್ದಪ್ಪ ಆಕಾಶದಿಂದ ಇಳಿದು, ದುರ್ಜಯನನ್ನು ಕೆಡವಿ, ಎದೆಯ ಮೇಲೆ ಕಾಲಿಟ್ಟು ಕತ್ತಿ ಎತ್ತಿದ. ಆಗ ಎದ್ದ ದಸ್ತಗೀರಸಾಬ. ದಡದಡ ರಂಗ ಹತ್ತಿದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಾನು ಹೆಸರು ಕೂಗಲು ಹೊರಬಂದೆ. ಬಿದ್ದಲ್ಲಿಂದಲೇ ಉಡಚಪ್ಪ ಹೆಗಲು ಸರಿಮಾಡಿಕೊಂಡ. ದಸ್ತಗೀರಸಾಬ ಅವನನ್ನು ದಾಟಿ ಹೋಗಿ, ಕೆಂಪಂಚಿನ ಟವೆಲ್ಲನ್ನು ಗುರುಶಿದ್ದಪ್ಪನಿಗೆ ಹೊದಿಸಿಬಿಟ್ಟ.

"ಏ ದಸ್ತಗೀರ, ನನಗೋ, ನನಗ!" ಎಂದು ಉಡಚಪ್ಪ ಕೆಳಗಿಂದ ಪಿಸುಗುಟ್ಟಿದ.

"ನಿನಗ್ಯಾಕಲೇ? ಕೂಸಿನ್ನ ನೀರಿಲ್ಲದ ಕೊಂದಾಂವ ನೀ!" ಎಂದು ದಸ್ತಗೀರಸಾಬ ಗುಡುಗಿದ. ಜನ ಚಪ್ಪಾಳೆ ತಟ್ಟಿದರು.

ಗುರುಶಿದ್ದಪ್ಪ ಕತ್ತಿಯಿಂದ ತಿವಿದ. ಉಡಚಪ್ಪ ಸಾಯಲಿಲ್ಲ. ಇನ್ನೊಮ್ಮೆ ತಿವಿದ. ಉಡಚಪ್ಪ ಎದ್ದು ಕೂತು ಕೈ ಕಟ್ಟಿಕೊಂಡ. "ಅಯ್ಯೋ ಸತ್ತೆ" ಎಂಬ ಅವನ ಮಾತನ್ನು ನಾನು ಪರದೆಯ ಹಿಂದಿನಿಂದ ಐದು ಸಲ ಎತ್ತಿಕೊಟ್ಟೆ.

"ನಾ ಸಾಯೂದಿಲ್ರಿ ಮಾಸ್ತರ" ಎಂದ, ನೆಲ ನೋಡುತ್ತ. ಅವನ ದನಿ ನಡುಗುತ್ತಿತ್ತು.

ಅಷ್ಟರಲ್ಲಿ ದ್ಯಾಮಣ್ಣ, ವಧೆ ಮುಗಿದಿರಬೇಕೆಂದು ಹಗ್ಗ ಜಗ್ಗಿದ. ನಾಯಕ ಟವೆಲ್ ಸಮೇತ ಮೇಲೆ ಹೋಗಿ, ಕೈಕಾಲು ಆಡಿಸುತ್ತ ಅಲ್ಲೇ ತೂಗಾಡತೊಡಗಿದ. ಕೆಳಗೆ ಖಳನಾಯಕ ಜೀವಂತ. ಜನ ನಗಬೇಕೋ ಬೈಯಬೇಕೋ ತಿಳಿಯದೆ ಬಾಯಿ ತೆರೆದು ಕೂತರು.

ಹೆಂಗಸರ ಸಾಲಿನಿಂದ ಸಾವಕ್ಕ ಎದ್ದಳು. ಸೆರಗು ಹೊದ್ದು, ನೆಟ್ಟಗೆ ರಂಗ ಹತ್ತಿದಳು. ಗಂಡನ ಮುಂದೆ ಕುಕ್ಕರಗಾಲಲ್ಲಿ ಕೂತು ಗಂಟು ಬಿಚ್ಚಿ ಹಿಡಿದಳು. ಎರಡು ಜೋಳದ ರೊಟ್ಟಿ, ಮೇಲೆ ಬದನೆಕಾಯಿ ಪಲ್ಯ.

"ಮುಂಜಾನಿಂದ ಉಂಡಿಲ್ಲ. ಮೊದಲ ಇದನ್ನ ತಗೋರಿ. ಆಮ್ಯಾಲ ಸಾಯ್ರಂತ."

ನಂತರ ನನ್ನತ್ತ ತಿರುಗಿ, "ಕೂಗ್ರಿ ಮಾಸ್ತರ" ಎಂದಳು.

ಮದುವೆಯ ಆಹೇರಿಯಾದರೂ ತವರಿನವರು ತರಬೇಕು, ಬೀಗರು ತರಬೇಕು. ಹೆಂಡತಿ ಗಂಡನಿಗೆ ತಂದ ರೂಢಿ ಎಲ್ಲೂ ಇಲ್ಲ. ಇರದಿದ್ದರೆ ಸುಡಲಿ ಆ ರೂಢಿ ಎಂದುಕೊಂಡು ನಾನು ಮುಂದೆ ಬಂದು, ಗಂಟಲು ಹರಿಯುವಂತೆ ಕೂಗಿದೆ: "ಶ್ರೀಮತಿ ಸಾವಕ್ಕನವರಿಂದ, ದುರ್ಜಯನ ಪಾತ್ರಧಾರಿ ಶ್ರೀ ಉಡಚಪ್ಪನವರಿಗೆ, ಎರಡು ರೊಟ್ಟಿ!"

ಉಡಚಪ್ಪ ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಕಾಡಿಗೆ ಕೆನ್ನೆಯ ತನಕ ಇಳಿಯಿತು. ಗಂಟನ್ನು ಎದೆಯ ಮೇಲಿಟ್ಟುಕೊಂಡು ಅಂಗಾತ ಮಲಗಿ, "ಅಯ್ಯೋ ಸತ್ತೆ" ಎಂದ. ಅಷ್ಟು ಸಮಾಧಾನದಿಂದ ಸತ್ತ ಖಳನಾಯಕನನ್ನು ನಾನು ಬೇರೆಲ್ಲೂ ನೋಡಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೇಲಿಂದ ಗುರುಶಿದ್ದಪ್ಪ ಮಾತ್ರ, "ಏ ದ್ಯಾಮಣ್ಣಾ, ಇಳಸೋ" ಎಂದು ಗೋಗರೆಯುತ್ತಿದ್ದ.

ಪರದೆಯ ಹಿಂದೆ ಉಡಚಪ್ಪ ಮೀಸೆ ಕಿತ್ತು ಉಣ್ಣಲು ಕೂತ. ದಸ್ತಗೀರಸಾಬ ತಲೆ ತಗ್ಗಿಸಿ ಬಂದು ನಿಂತ. ಉಡಚಪ್ಪ ಒಂದು ರೊಟ್ಟಿಯನ್ನು ಮುರಿದು ಅರ್ಧ ಅವನ ಕೈಗಿಟ್ಟ. ಟವೆಲ್ಲಿನ ಮಾತು ಇಬ್ಬರೂ ಎತ್ತಲಿಲ್ಲ. ಗುರುಶಿದ್ದಪ್ಪ ಅದನ್ನು ಮರಳಿ ಕೊಡಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಆರಕ್ಕೆ ಉಡಚಪ್ಪ, ಮುಖದ ಬಣ್ಣವನ್ನೂ ಪೂರ್ತಿ ತೊಳೆಯದೆ, ಚಾವಿ ಹೊತ್ತು ಓಣಿಗೆ ಬಂದು ನೀರು ಬಿಟ್ಟ. ನಾನೂ ಕೊಡ ಹಿಡಿದು ಸರತಿಯಲ್ಲಿದ್ದೆ. ನನ್ನ ಮುಂದೆ ಸತ್ಯವ್ವ. ಕೊಡ ತುಂಬಿತು. ಎಂದಿನಂತೆ ಬೈದು ಹೋಗುತ್ತಾಳೆಂದು ಉಡಚಪ್ಪ ಮುಖ ಆ ಕಡೆ ಮಾಡಿ ನಿಂತಿದ್ದ.

ಮುದುಕಿ ಕೊಡ ಎತ್ತದೆ ಅವನನ್ನೇ ನೋಡಿದಳು.

"ಉಂಡಿಯೇನೋ ತಮ್ಮಾ?" ಎಂದಳು.