ಬೀರಪ್ಪ ಮಾವ ಹಾಕಿದ ಹಡಗಿನ ಸವಾಲು

ಆಗ ನನಗೆ ಓದಲು ಸಿಗುತ್ತಿದ್ದ ಕನ್ನಡವೆಲ್ಲ ಪೊಟ್ಟಣ ಕಟ್ಟುವ ಕಾಗದದ ಮೇಲೆಯೇ ಬರುತ್ತಿತ್ತು. ಎಪ್ಪತ್ತರ ದಶಕದ ಸೋಲಾಪುರ. ಅಪ್ಪನದು ಕಿರಾಣಿ ಅಂಗಡಿ. ಶಾಲೆಯಲ್ಲಿ ಮರಾಠಿ, ಓಣಿಯಲ್ಲಿ ಮರಾಠಿ, ಗಿರಾಕಿಗಳ ಜೊತೆಗೂ ಮುಕ್ಕಾಲು ಪಾಲು ಮರಾಠಿ. ಮನೆಯೊಳಗೆ ಮಾತ್ರ ಕನ್ನಡ, ಅದೂ ಬರೀ ಬಾಯಿಮಾತಿಗೆ. ಆದರೆ ವಿಜಾಪುರದ ಕಡೆಯಿಂದ ಬರುವ ರದ್ದಿಯ ಕಟ್ಟುಗಳಲ್ಲಿ ಹಳೆಯ ಕನ್ನಡ ಪೇಪರುಗಳಿರುತ್ತಿದ್ದವು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ, ಇಂಗು ಬೆಲ್ಲ ಗ್ಯಾಸೆಣ್ಣೆ ಎಲ್ಲ ಕಲೆತ ಆ ವಾಸನೆಯ ನಡುವೆ ಕೂತು, ಅಪ್ಪ ಅವುಗಳ ಮೇಲೆ ಬೆರಳಿಟ್ಟು ನನಗೆ ಅಕ್ಷರ ಕಲಿಸಿದ. ಓಣಿಯ ಹುಡುಗಿಯರಲ್ಲಿ ಕನ್ನಡ ಓದುವವಳು ನಾನೊಬ್ಬಳೇ. ನನ್ನ ಜಡೆಗಿಂತ ನನ್ನ ಜಂಬವೇ ಉದ್ದ ಎಂದು ಅವ್ವ ಅನ್ನುತ್ತಿದ್ದಳು. ಸುಳ್ಳೇನಲ್ಲ.

ಅಂಗಡಿಯವರ ಮಕ್ಕಳಿಗೆ ಮಾತ್ರ ಗೊತ್ತಿರುವ ಒಂದು ಸಂಕಟವಿದೆ. ಪೇಪರನ್ನು ಅರ್ಧಕ್ಕೆ ಹರಿದು ಪೊಟ್ಟಣ ಕಟ್ಟುತ್ತಾರೆ, ಕಥೆ ಅರ್ಧಕ್ಕೇ ನಿಲ್ಲುತ್ತದೆ. ಲೋಕದ ವಿಸ್ಮಯಗಳನ್ನು ಬರೆಯುವ ಒಂದು ಅಂಕಣ ಇರುತ್ತಿತ್ತು, ನನಗೆ ಅದರ ಹುಚ್ಚು. ಸಮುದ್ರದ ಅದ್ಯಾವುದೋ ಪ್ರಾಣಿಗೆ ಮೂರು ಹೃದಯಗಳಿವೆಯಂತೆ. ಯಾವುದೋ ದ್ವೀಪದಲ್ಲಿ ಆಳೆತ್ತರ ಮೀರಿದ ಕಲ್ಲಿನ ಮೂರ್ತಿಗಳು ಸಾಲಾಗಿ ನಿಂತಿವೆಯಂತೆ. ಯಾರು ನಿಲ್ಲಿಸಿದರು? ಅದು ಯಾರದೋ ಪಾವು ಕಿಲೋ ತೊಗರಿಬೇಳೆಯ ಜೊತೆ ಹೋಗಿಬಿಟ್ಟಿರುತ್ತಿತ್ತು. ಹೀಗೆ ಜಗತ್ತಿನ ಎಲ್ಲ ರಹಸ್ಯಗಳೂ ನನಗೆ ಅರ್ಧರ್ಧ ಗೊತ್ತಿದ್ದವು.

ನಾನು ಐದನೇ ಇಯತ್ತೆಯಲ್ಲಿದ್ದ ವರ್ಷ, ನವರಾತ್ರಿಯಲ್ಲಿ, ಒಂದು ಹಡಗಿನ ಕಥೆ ಸಿಕ್ಕಿತು. ನಡುಸಮುದ್ರದಲ್ಲಿ ಹಡಗೊಂದು ತಾನೇ ತೇಲುತ್ತ ಬಂತು. ಆರು ತಿಂಗಳಿಗಾಗುವಷ್ಟು ಊಟದ ಸಾಮಾನು ಹಾಗೇ ಇತ್ತು, ಬಟ್ಟೆಬರೆ ಹಾಗೇ ಇದ್ದವು, ಮೇಜಿನ ಮೇಲಿನ ಚಹಾ ಇನ್ನೂ ಬಿಸಿಯಿತ್ತು. ಮನುಷ್ಯರು ಮಾತ್ರ ಒಬ್ಬರೂ ಇರಲಿಲ್ಲ. ಹಡಗಿನ ಯಜಮಾನ, ಅವನ ಹೆಂಡತಿ, ಎರಡು ವರ್ಷದ ಹೆಣ್ಣುಕೂಸು, ಖಲಾಸಿಗಳು, ಎಲ್ಲರೂ ಮಾಯ! (ಬಿಸಿ ಚಹಾ ಆಮೇಲೆ ಯಾರೋ ಹಾಕಿದ ಒಗ್ಗರಣೆ ಎಂದು ದೊಡ್ಡವಳಾದ ಮೇಲೆ ಓದಿದೆ. ಹಡಗು ಮಾತ್ರ ಖರೆ.) ‘ಹಾಗಾದರೆ ಅವರೆಲ್ಲ ಎಲ್ಲಿ ಹೋದರು?’ ಎಂಬಲ್ಲಿಗೆ ಕಾಗದ ಹರಿದಿತ್ತು.

“ಅಪ್ಪಾ, ಇದರ ಇನ್ನೊಂದ ಅರ್ಧಾ ಎಲ್ಲೈತಿ?”

“ಅದನ? ಮುಂಜಾನಿ ನಿಮ್ಮ ಚಿಗವ್ವಗ ಸಾಬೂದಾಣಿ ಕಟ್ಟಿ ಕೊಟ್ಟೆ.”

ಚಿಗವ್ವ ಅಂದರೆ ಅವ್ವನ ತಂಗಿ. ಅಕ್ಕಲಕೋಟೆಯಲ್ಲಿದ್ದಳು, ನಮ್ಮಲ್ಲಿಗೆ ಬಂದವಳು ಅವತ್ತು ಬೆಳಿಗ್ಗೆಯಷ್ಟೇ ಊರಿಗೆ ಮರಳಿದ್ದಳು. ಆ ಪೊಟ್ಟಣದ ಕಾಗದ ಚೆಲ್ಲಬೇಡ, ದೀಪಾವಳಿಗೆ ತವರಿಗೆ ಬರುವಾಗ ತಾ ಎಂದು ಅವತ್ತೇ ಕಾರ್ಡು ಬರೆದೆ. ಉತ್ತರ ಬರಲಿಲ್ಲ.

ದೀಪಾವಳಿ ಸೂಟಿಗೆ ಅವ್ವನ ಜೊತೆ ಅಜ್ಜನ ಮನೆಗೆ ಹೋದೆ. ಮಂದ್ರೂಪದಲ್ಲಿ ಬಸ್ಸಿಳಿದು ಅರ್ಧ ತಾಸು ನಡೆದರೆ ಆ ಊರು. ಎರಡೂ ಕಡೆ ಜೋಳದ ಹೊಲ, ಮನೆ ಮುಂದೆ ಕುರಿಗಳ ದಡ್ಡಿ. ಹಸಿ ಉಣ್ಣೆಯ ವಾಸನೆ ಅಂಗಳಕ್ಕೇ ಬಂದು ಎದುರುಗೊಳ್ಳುತ್ತಿತ್ತು. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೇಲೆ ಗಟ್ಟಿ ಮೊಸರು. ಹಗಲೆಲ್ಲ ಗಜಗದ ಆಟ.

ಅವ್ವನ ಅಣ್ಣ ಬೀರಪ್ಪ ಮಾವ ಕುರಿ ಕಾಯುವವನು, ಡೊಳ್ಳಿನ ಮೇಳದ ಮುಂದಾಳು. ಪಾಡ್ಯದ ದಿನ ಕುರಿಗಳಿಗೆ ಮೈ ತೊಳೆದು ಬಣ್ಣ ಹಚ್ಚಿ ಪೂಜೆ ಮಾಡಿದ ಮೇಲೆ, ಕುರಿಗಾರರ ದೇವರಾದ ಬೀರೋಬನ ಗುಡಿಯ ಮುಂದೆ ಹಾಡಿಕೆ ನಡೆಯುತ್ತಿತ್ತು. ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಒಂದು ಮೇಳ ಹಾಡಿನಲ್ಲೇ ಸವಾಲು ಹಾಕುತ್ತದೆ, ಇನ್ನೊಂದು ಹಾಡಿನಲ್ಲೇ ಜವಾಬು ಕೊಡಬೇಕು. ಕೊಡಲಾಗದಿದ್ದರೆ ‘ಸೋತೆವು’ ಅನ್ನಬೇಕು. ಆಗ ಸವಾಲು ಹಾಕಿದವನೇ ಅದನ್ನು ಬಿಚ್ಚಿ ಹೇಳಬೇಕು. ಹಾಕಿದವನಿಗೇ ಜವಾಬು ಗೊತ್ತಿಲ್ಲದಿದ್ದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಅವನು ರುಮಾಲು ತೆಗೆದು ಎದುರಿನವರ ಡೊಳ್ಳಿನ ಮೇಲಿಟ್ಟು, ಮುಂದಿನ ಪಾಡ್ಯದವರೆಗೆ ಬರಿತಲೆಯಲ್ಲೇ ಇರಬೇಕು. ಅಂಥ ಪ್ರಸಂಗ ಯಾರೂ ನೋಡಿರಲಿಲ್ಲ, ಹಿರಿಯರ ಬಾಯಲ್ಲಿ ಕೇಳಿದ್ದರಷ್ಟೇ.

ಆ ವರ್ಷ ಎದುರಿಗೆ ವಳಸಂಗದ ಮೇಳ. ಅದರ ಮುಂದಾಳು ಮಾಳಪ್ಪ, ಮಾವನಿಗಿಂತ ಇಪ್ಪತ್ತು ವರ್ಷ ಹಿರಿಯ. ಪುರಾಣದ ಯಾವ ಮೂಲೆಯಿಂದ ಕೇಳಿದರೂ ಅವನ ಹತ್ತಿರ ಜವಾಬು ಸಿದ್ಧ. ಮಾವ ಹೊಸ ಸವಾಲಿಗಾಗಿ ತಲೆ ಕೆರೆದುಕೊಳ್ಳುತ್ತಿದ್ದ. ನಾನು ಹಡಗಿನ ಕಥೆ ಹೇಳಿದೆ. ಕಂಬಳಿಯ ನೂಲು ಸುತ್ತುತ್ತಿದ್ದವನು ಕೈ ನಿಲ್ಲಿಸಿದ.

“ಬಿಸಿ ಚಾ ಇತ್ತು, ಮಂದಿ ಇದ್ದಿಲ್ಲ?”

“ಇದ್ದಿಲ್ಲ.”

“ಆಹಾ! ಜವಾಬ ಏನವಾ ಇದರದ್ದು?”

ಅಲ್ಲಿ ನಾನು ‘ಗೊತ್ತಿಲ್ಲ’ ಅನ್ನಬೇಕಿತ್ತು. ಅನ್ನಲಿಲ್ಲ. ಓದು ಬಲ್ಲವಳೆಂದು ಆ ಮನೆಯಲ್ಲಿ ನನಗೆ ಬೇರೆಯೇ ಮಾನ. ಹೇಗೂ ಚಿಗವ್ವ ಹಬ್ಬಕ್ಕೆ ಮೊದಲೇ ಬರುತ್ತಾಳೆ, ಕಾಗದ ತರುತ್ತಾಳೆ. ಪ್ರಶ್ನೆ ಬರೆದ ಪೇಪರಿನವರು ಉತ್ತರ ಬರೆಯದೆ ಇರುತ್ತಾರೆಯೇ?

“ಗೊತ್ತೈತಿ. ಆದ್ರ ಈಗ ಹೇಳಂಗಿಲ್ಲ. ನಿನ್ನ ಮೇಳದವರು ಬಾಯಿ ಬಿಡ್ತಾರ. ಹಾಡಕಿ ದಿನಾ ಹೇಳ್ತೀನಿ.”

ಮಾವ ಹೊಟ್ಟೆ ತುಂಬ ನಕ್ಕ. “ಬರೋಬರ್ ಐತಿ ನಿನ್ನ ಮಾತು,” ಅಂದು ಅಂದಿನಿಂದಲೇ ಹಾಡು ಕಟ್ಟತೊಡಗಿದ.

ಚಿಗವ್ವ ಹಬ್ಬದ ಮುನ್ನಾದಿನ ಬರಲಿಲ್ಲ. ಪಾಡ್ಯದ ಬೆಳಿಗ್ಗೆಯೂ ಬರಲಿಲ್ಲ. ಕರ್ಚಿಕಾಯಿ ತಟ್ಟೆಯಲ್ಲೇ ಬಿಟ್ಟು ಬಸ್ಸಿನ ದಾರಿಯವರೆಗೆ ಮತ್ತೆ ಮತ್ತೆ ಓಡಿ ನೋಡಿ ಬಂದೆ. ಹಾಡಿಕೆಗೆ ಹೊರಡುವಾಗ ಮಾವ ಹಣೆಗೆ ಭಂಡಾರದ ಅರಿಶಿನ ಹಚ್ಚಿಕೊಂಡು ಬಂದು, “ಈಗರ ಹೇಳವಾ,” ಅಂದ. “ಅವರು ಸೋತೀವಿ ಅಂದಮ್ಯಾಲ,” ಅಂದುಬಿಟ್ಟೆ. ಎರಡನೆಯ ಸುಳ್ಳು. ನನ್ನನ್ನು ನಂಬಿ ಅವನು ಡೊಳ್ಳು ಹೆಗಲಿಗೆ ಹಾಕಿಕೊಂಡ.

ಬೇವಿನ ಮರದ ಕೆಳಗೆ ನಾಲ್ಕು ಊರ ಮಂದಿ ಕೂಡಿದ್ದರು. ಮಾವನ ದನಿ ಎದ್ದಿತು:

“ನೀರಿನ ಮ್ಯಾಲ ಮನಿಯೊಂದ ಬಂತೋ, ಬಾಗಿಲ ತೆರದಿತ್ತ,
ಕುಡಿಯೂ ಚಾಯಿ ಬಿಸಿ ಬಿಸಿ ಇತ್ತ, ಕುಡಿಯವ್ರ ಎಲ್ಲಿ ಹೋದ್ರೋ?”

ಮಾಳಪ್ಪ ಕಣ್ಣು ಮುಚ್ಚಿ ಯೋಚಿಸಿ, ವರುಣದೇವ ಕರಕೊಂಡು ಹೋದ ಎಂದು ಹಾಡಿದ. ಮಾವ ನನ್ನತ್ತ ನೋಡಿದ. ನಾನು ಅಲ್ಲ ಎಂದು ತಲೆ ಆಡಿಸಿದೆ. ದೊಡ್ಡ ಮೀನು ನುಂಗಿತು ಎಂದ ಮಾಳಪ್ಪ. ಮತ್ತೆ ತಲೆ ಆಡಿಸಿದೆ. ನನಗಾದರೂ ಏನು ಗೊತ್ತಿತ್ತು? ಮೀನೇ ನುಂಗಿರಬಹುದಿತ್ತು! ಕಳ್ಳರು ಕೊಂದರು ಎಂದಾಗ ಮಂದಿಯೇ ಒಪ್ಪಲಿಲ್ಲ, ಕಳ್ಳರಾದರೆ ಸಾಮಾನು ಬಿಡುತ್ತಿದ್ದರೇ? ಮಾಳಪ್ಪ ಬೆವರು ಒರೆಸಿಕೊಂಡು, ತನ್ನವರ ಜೊತೆ ಮಾತಾಡಿಕೊಳ್ಳಲು ಸ್ವಲ್ಪ ಹೊತ್ತು ಕೇಳಿದ.

ಅಷ್ಟರಲ್ಲಿ ಚಿಗವ್ವ, ಬಸ್ಸು ಕೆಟ್ಟಿದ್ದಕ್ಕೆ ಶಾಪ ಹಾಕುತ್ತ, ತಲೆಯ ಮೇಲೆ ಗಂಟು ಹೊತ್ತು ನೇರ ಗುಡಿಗೇ ಬಂದಳು. “ಇದಕ್ಕ ಏನ ಬಂಗಾರ ಹತ್ತೈತಿ ಅಂತ ಕಾರ್ಡ ಬರದಿದ್ದಿ?” ಎನ್ನುತ್ತ ಗಂಟಿನಿಂದ ಕಾಗದ ತೆಗೆದಳು. ಗೋಡೆಯ ಗೂಡಿನಲ್ಲಿ ಡಬ್ಬಿಗಳ ಕೆಳಗೆ ಹಾಸಿದ್ದಳಂತೆ, ಎಣ್ಣೆಯ ಕಲೆ ಬಿದ್ದಿತ್ತು. ಓದಿದೆ. ಹಡಗಿನ ಒಂದು ಸಣ್ಣ ದೋಣಿ ಮಾತ್ರ ಕಾಣೆಯಾಗಿತ್ತಂತೆ. ಆಮೇಲೆ ಕೊನೆಯ ಸಾಲು: ಅವರೆಲ್ಲ ಏನಾದರೆಂದು ಇಂದಿಗೂ ಯಾರಿಗೂ ತಿಳಿದಿಲ್ಲ.

ಮಾವನ ಕೈ ಹಿಡಿದು ಗುಡಿಯ ಹಿಂದಕ್ಕೆ ಎಳೆದುಕೊಂಡು ಹೋದೆ. ಎಲ್ಲ ಹೇಳಿ, “ನಾ ಸುಳ್ಳ ಹೇಳಿದ್ದೆ ಮಾವ, ನನಗ ಜವಾಬ ಗೊತ್ತಿದ್ದಿಲ್ಲ,” ಎಂದು ಅತ್ತೆ.

ಅವನು ಸಿಟ್ಟಾಗಲಿಲ್ಲ. “ಇನ್ನೊಮ್ಮೆ ಓದು,” ಅಂದ. ಓದಿದೆ.

“ಯಾರಿಗೂ ಗೊತ್ತಿಲ್ಲಂತ?”

“ಯಾರಿಗೂ.”

“ಅಷ್ಟ ಓದಿದವರಿಗೂ?”

“ಹೂಂ.”

ಹಿಂದೆಯೇ ಬಂದಿದ್ದ ಮೇಳದಲ್ಲಿ ತಾಳ ಹಾಕುವ ಸಿದ್ದಪ್ಪ ಕಿವಿಯಲ್ಲಿ ಹೇಳಿದ: “ಏನರ ಒಂದ ಹೇಳಿಬಿಡಪಾ. ಮೊಸಳಿ ಒಯ್ತು ಅನ್ನು. ಈ ಮಂದ್ಯಾಗ ಸಮುದ್ರ ಯಾರ ನೋಡ್ಯಾರ?”

“ಡೊಳ್ಳ ಹೆಗಲಿಗಿ ಹಾಕ್ಕೊಂಡ ಸುಳ್ಳ ಹಾಡಂಗಿಲ್ಲ ಸಿದ್ದಪ್ಪಾ,” ಅಂದು ಮಾವ ಮುಂದಕ್ಕೆ ಹೋದ.

ಮಾಳಪ್ಪ ಕೈ ಮುಗಿದು, “ಸೋತೀವಪಾ ಬೀರಪ್ಪ. ನೀನ ಬಿಚ್ಚು,” ಅಂದ. ನಮ್ಮೂರ ಹುಡುಗರು ಸಿಳ್ಳೆ ಹಾಕಿದರು. ಮಾವ ಎರಡೂ ಕೈಯಿಂದ ರುಮಾಲು ತೆಗೆದು, ನಡೆದು ಹೋಗಿ ಮಾಳಪ್ಪನ ಡೊಳ್ಳಿನ ಮೇಲಿಟ್ಟ.

“ನನಗೂ ಗೊತ್ತಿಲ್ಲ ಕಾಕಾ.”

ಸಿಳ್ಳೆ ನಿಂತವು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎದುರಿನ ಮೇಳದ ಹರೆಯದವರು ನಗತೊಡಗಿದರು. ಮಾಳಪ್ಪ ಮಾತ್ರ ನಗಲಿಲ್ಲ.

“ಗೊತ್ತಿಲ್ಲದ್ದ ಯಾಕ ಕೇಳಿದಿ?”

ಈಗ ನನ್ನ ಹೆಸರು ಬರುತ್ತದೆ, ಈ ಹುಡುಗಿ ಮೋಸ ಮಾಡಿದಳು ಎನ್ನುತ್ತಾನೆ ಎಂದು ನಾನು ತಲೆ ತಗ್ಗಿಸಿದೆ. ಮಾವ ನನ್ನನ್ನು ಕರೆದು ಡೊಳ್ಳುಗಳ ನಡುವೆ ನಿಲ್ಲಿಸಿದ. “ಇಕಿ ನನ್ನ ಸೊಸಿ, ತಂಗಿ ಮಗಳು. ಸೋಲಾಪುರದಾಗ ಇರ್ತಾಳ, ಆದ್ರೂ ಕನ್ನಡ ಓದ್ತಾಳ. ಕಾಗದದಾಗ ಏನ ಬರದಾರ ಕೇಳ್ರಿ.”

ಸೋಲಾಪುರದಿಂದ ಜೊತೆಗೇ ತಂದಿದ್ದ ನನ್ನ ತುಂಡನ್ನೂ ಚಿಗವ್ವನ ತುಂಡನ್ನೂ ಜೋಡಿಸಿ ಹಿಡಿದು ಓದಿದೆ. ಮೊದಲು ಮೆಲ್ಲಗೆ, ಆಮೇಲೆ ಹಿಂದಿನ ಸಾಲಿಗೂ ಕೇಳುವಂತೆ. ಕೂಸಿನ ಮಾತು ಬಂದಾಗ ಹೆಂಗಸರ ಸಾಲಿನಿಂದ ಒಬ್ಬ ಮುದುಕಿ, “ಯವ್ವಾ, ಆ ಕೂಸ ಏನಾತೋ!” ಎಂದು ಕಣ್ಣೊರೆಸಿಕೊಂಡಳು. ಯಾರಿಗೂ ತಿಳಿದಿಲ್ಲ ಎಂಬ ಸಾಲನ್ನು ಮಾಳಪ್ಪ ಎರಡು ಸಲ ಓದಿಸಿದ. ಬಳಿಕ ರುಮಾಲು ಮಡಚಿ ಕಂಕುಳಲ್ಲಿಟ್ಟುಕೊಂಡ.

“ರುಮಾಲ ನಾ ಒಯ್ತೀನಿ ಬೀರಪ್ಪ, ರಿವಾಜ ಐತಿ. ಈ ಸವಾಲೂ ನನಗ ಕೊಡು. ಹಾಡಿದ ಕೂಡ್ಲೇ ಜವಾಬ ಇಲ್ಲಂತನೂ ಹೇಳ್ತೀನಿ.”

ಒಂದು ವರ್ಷ ಮಾವ ಬರಿತಲೆಯಲ್ಲಿ ಕುರಿ ಕಾಯ್ದ. ಬೇಸಿಗೆಯಲ್ಲಿ ಸೋಲಾಪುರಕ್ಕೆ ಬಂದಾಗ ಅವನ ನೆತ್ತಿ ಸುಟ್ಟು ಕಪ್ಪಾಗಿತ್ತು. ಅಂಗಡಿಯಲ್ಲಿ ಕೂತಿದ್ದವರು, “ಏನಪಾ, ರುಮಾಲ ಕಳ್ಕೊಂಡಿಯೇನು?” ಎಂದು ಚೇಷ್ಟೆ ಮಾಡಿದರು. ನಾನು ಸಕ್ಕರೆ ಚೀಲದ ಹಿಂದೆ ಅಡಗಿಕೊಂಡೆ. ಮಾವ ಎದೆಯುಬ್ಬಿಸಿ, “ನಮ್ಮ ಸೊಸಿ ಒಂದ ಸವಾಲ ಕೊಟ್ಟಿದ್ಲರಿ, ಅದಕ್ಕ ಜಗತ್ತಿನ್ಯಾಗ ಯಾರ ಕಡೇನೂ ಜವಾಬ ಇಲ್ಲ,” ಅಂದ. ನನ್ನ ಸುಳ್ಳಿನ ಸುದ್ದಿ ಅವತ್ತೂ ಎತ್ತಲಿಲ್ಲ, ಮುಂದೆಂದೂ ಎತ್ತಲಿಲ್ಲ. ಎಷ್ಟೋ ವರ್ಷ ಆ ಊರಿಗೆ ಹೋದಾಗೆಲ್ಲ ಕುರಿ ಕಾಯುವವರು ನಿಲ್ಲಿಸಿ ಕೇಳುತ್ತಿದ್ದರು: “ಹಡಗಿನ ಮಂದಿ ಸಿಕ್ರೇನವಾ?”

ಈಗ ಹಾಗೆ ಕೇಳುವವರಿಲ್ಲ. ಪಾಡ್ಯದ ದಿನ ಡೊಳ್ಳು ಈಗಲೂ ಬಾರಿಸುತ್ತಾರೆ, ಸವಾಲು ಹಾಕುವವರಿಲ್ಲ. ಮೊನ್ನೆ ಮೊಮ್ಮಗಳಿಗೆ ಹಡಗಿನ ಕಥೆ ಹೇಳಿದೆ. ಅವಳು ಫೋನಿನಲ್ಲಿ ಹುಡುಕಿ ಒಂದು ನಿಮಿಷದಲ್ಲಿ ಐದಾರು ಉತ್ತರ ಓದಿ ಹೇಳಿದಳು, ಮರಾಠಿಯಲ್ಲಿ. ಕನ್ನಡ ಅವಳಿಗೆ ಓದಲು ಬರುವುದಿಲ್ಲ, ಕಲಿಸದ ತಪ್ಪು ನನ್ನದೇ. ಕೂಸು ಏನಾಯಿತೆಂದು ಅವಳು ಕೇಳಲಿಲ್ಲ.

ನಾನು ಮೂವತ್ತು ವರ್ಷ ಮಾಸ್ತರಿಕೆ ಮಾಡಿದೆ. ಶಾಲು ಹೊದಿಸಿದ್ದಾರೆ, ತೆಂಗಿನಕಾಯಿ ಕೊಟ್ಟಿದ್ದಾರೆ, ಮೈಕಿನಲ್ಲಿ ಹೊಗಳಿದ್ದಾರೆ. ಆದರೆ ನನ್ನ ಸುಳ್ಳಿಗಾಗಿ ಒಂದು ವರ್ಷ ಬಿಸಿಲಲ್ಲಿ ತಲೆ ಸುಟ್ಟುಕೊಂಡು, ನನ್ನ ಓದಿಗಾಗಿ ಊರೂರಲ್ಲಿ ಎದೆಯುಬ್ಬಿಸಿದವನು ಒಬ್ಬನೇ ಇದ್ದ. ಅವನಿಗೆ ಒಂದಕ್ಷರವೂ ಓದಲು ಬರುತ್ತಿರಲಿಲ್ಲ.